ಮೊದಲ ಆನಿ, ಆಮ್ಯಾಲ ರಾಜಾ

ಧಾರವಾಡದ ಹತ್ತಿರದ ರಾಯಾಪುರದ ಒಂದು ಮನೆಯ ಪಡಸಾಲೆಯಲ್ಲಿ ಗಡಿಯಾರದ ಮೇಲೆ ಕಣ್ಣಿಟ್ಟು ಕೂತಿದ್ದೆ. ಮೇಜಿನ ಮೇಲೆ ಮಖಮಲ್ಲಿನ ಬಟ್ಟೆ, ಅದರ ಮೇಲೆ ಇಪ್ಪತ್ತು ಬೆಳ್ಳಿ ರೂಪಾಯಿ. ನಾಣ್ಯ ಕೂಡಿಸುವುದರಲ್ಲೇ ಆಯುಷ್ಯದ ಬಹುಪಾಲು ಕಳೆದ ಕಾಕಾ ಒಂದನ್ನು ಅಂಚು ಹಿಡಿದು ಎತ್ತಿದರು, ದೀಪದ ಕೆಳಗೆ ಒಮ್ಮೆ ವಾಲಿಸಿದರು, ಮಗುಚಿದರು, ಇಟ್ಟರು. "ವಿಎಫ್." ಇನ್ನೊಂದು. "ಎಕ್ಸ್‌ಎಫ್." ಮತ್ತೊಂದು. "ಇದನ್ನ ತಿಕ್ಕ್ಯಾರ, ಬ್ಯಾಡ." ಇಪ್ಪತ್ತೂ ಮುಗಿದಾಗ ಸೆಕೆಂಡಿನ ಮುಳ್ಳು ಒಂದು ಸುತ್ತು ದಾಟಿ ಸ್ವಲ್ಪವೇ ಮುಂದೆ ಹೋಗಿತ್ತು. ಒಂದೊಂದಕ್ಕೆ ಮೂರು ಸೆಕೆಂಡು ಚಿಲ್ಲರೆ!

ನನಗೆ ನಂಬಿಕೆ ಬರಲಿಲ್ಲ. ಉತ್ತರಗಳನ್ನು ಚೀಟಿಯಲ್ಲಿ ಬರೆದುಕೊಂಡು, ನಾಣ್ಯಗಳನ್ನು ಕಲಸಿ ಮತ್ತೆ ಮುಂದಿಟ್ಟೆ. ಒಂದೆರಡು ಬಿಟ್ಟರೆ ಅವೇ ಉತ್ತರ, ಅದೇ ವೇಗ. ಹೊರಗೆ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ಬಂದು ನಿಂತು ಹೊರಡುವಷ್ಟರಲ್ಲಿ ಈ ಮನುಷ್ಯ ಆರೇಳು ನಾಣ್ಯಗಳ ಇಡೀ ಜಾತಕ ಓದಿ ಮುಗಿಸುತ್ತಾರೆ.

ಕಾಕಾ ಹೇಳುತ್ತಿದ್ದುದು ನಾಣ್ಯದ ದರ್ಜೆ. ಆ ಲೆಕ್ಕ ಕೇಳಲು ಸರಳ. ಕೈಯಿಂದ ಕೈಗೆ ದಾಟಿ ಸವೆದರೂ ಚಿತ್ರ ಚೆನ್ನಾಗಿ ಉಳಿದಿದ್ದರೆ ವಿಎಫ್. ಎತ್ತರದ ತುದಿಗಳಷ್ಟೇ ಸವೆದಿದ್ದರೆ ಎಕ್ಸ್‌ಎಫ್. ಚಲಾವಣೆಗೇ ಬೀಳದೆ ಉಳಿದಿದ್ದರೆ ಯುಎನ್‌ಸಿ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ತನ್ನ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ 1ರಿಂದ 70ರವರೆಗೆ ಅಂಕದ ಪಟ್ಟಿ ಮಾಡಿದ. ಇಂದು ಜಗತ್ತಿನ ದೊಡ್ಡ ದರ್ಜೆ ಸಂಸ್ಥೆಗಳೆಲ್ಲ ಅದೇ ಅಂಕ ಕೊಡುತ್ತವೆ. ಒಂದು ಮೆಟ್ಟಿಲು ಏರಿದರೆ ಬೆಲೆ ಎಷ್ಟೋ ಪಟ್ಟು ಜಿಗಿಯಬಹುದು. ಇಷ್ಟು ಭಾರದ ತೀರ್ಪು ಮೂರೇ ಸೆಕೆಂಡಿನಲ್ಲಿ ಹೇಗೆ?

"ಕಾಕಾ, ಏನ್ ನೋಡ್ತೀರಿ?"

"ಮೊದಲ ಆನಿ ನೋಡ್ತೀನಿ, ತಮ್ಮಾ. ಆಮ್ಯಾಲ ರಾಜಾ."

ಐದನೆಯ ಜಾರ್ಜ್ ದೊರೆಯ ರೂಪಾಯಿ ಅದು. ದೊರೆಯ ನಿಲುವಂಗಿಯ ಮೇಲೊಂದು ಪುಟ್ಟ ಆನೆಯಿದೆ. 1911ರಲ್ಲಿ ಮೊದಲ ಸಲ ಅಚ್ಚಾದಾಗ ಅದರ ಸೊಂಡಿಲು ಕಾಲುಗಳೆಲ್ಲ ಮೋಟಾಗಿ, ಜನ ಅದನ್ನು ಹಂದಿ ಎಂದುಕೊಂಡು ಸಿಟ್ಟಿಗೆದ್ದರು. ಸರಕಾರ ಆ ನಾಣ್ಯಗಳಲ್ಲಿ ಬಹುಪಾಲನ್ನು ಕರಗಿಸಿ, ಮರುವರ್ಷ ಆನೆಯನ್ನು ತಿದ್ದಿ ಕೆತ್ತಿಸಿತು. ಆ ಆನೆಯೇ ಕಾಕಾನ ಮೊದಲ ಸಾಕ್ಷಿ! ಉಬ್ಬಿದ ಭಾಗ ಮೊದಲು ಸವೆಯುತ್ತದೆ. ಆನೆಯ ಮೈ, ಕಿರೀಟದ ಕಮಾನು, ಕಿವಿ, ಹುಬ್ಬು, ಗಡ್ಡ: ಈ ನಾಲ್ಕೈದು ಗುಡ್ಡಗಳ ತಲೆ ನೋಡಿದರೆ ಸಾಕು, ಬಯಲೆಲ್ಲ ಸುತ್ತಬೇಕಿಲ್ಲ. ನಾನು ನಾಣ್ಯದ ಮೇಲೆಲ್ಲ ಅಲೆಯುತ್ತಿದ್ದೆ. ಅವರ ಕಣ್ಣು ನೆಟ್ಟಗೆ ಆ ಗುಡ್ಡಗಳ ಮೇಲೇ ಹೋಗಿ ಇಳಿಯುತ್ತಿತ್ತು.

ಆದರೆ ನನ್ನ ಮೈ ಜುಮ್ಮೆಂದದ್ದು ಬೆಳಕಿನ ಕಥೆ ಕೇಳಿ. ಟಂಕಸಾಲೆಯಲ್ಲಿ ಅಚ್ಚು ಬಡಿದಾಗ ಲೋಹ ನಡುವಿನಿಂದ ಅಂಚಿಗೆ ಹರಿಯುತ್ತದೆ. ಹರಿದ ಗುರುತಾಗಿ ಬರಿಗಣ್ಣಿಗೆ ಕಾಣದ ಸಾವಿರಾರು ಗೆರೆ ಉಳಿಯುತ್ತವೆ. ನಾಣ್ಯ ವಾಲಿಸಿದರೆ ಆ ಗೆರೆಗಳ ಮೇಲೆ ಬೆಳಕು ಚಕ್ಕಡಿಯ ಗಾಲಿಯಂತೆ ತಿರುಗುತ್ತದೆ. ತಿಕ್ಕಿದರೆ ಗೆರೆ ಹೋಯಿತು, ಗಾಲಿ ನಿಂತಿತು. ಮತ್ತೆ ಯಾರೂ ಅದನ್ನು ತಿರುಗಿಸಲಾರರು.

ನಮ್ಮಜ್ಜಿಯ ಲಕ್ಷ್ಮೀಪೂಜೆಯ ರೂಪಾಯಿಯನ್ನೂ ಒಯ್ದಿದ್ದೆ. ವರ್ಷವರ್ಷ ದೀಪಾವಳಿಗೆ ಹುಣಸೆಹಣ್ಣು ಹಚ್ಚಿ ಬೆಳಗಿದ್ದು, ಥಳಥಳ ಹೊಳೆಯುತ್ತಿತ್ತು. ಕಾಕಾ ಕೈಗೆತ್ತಿಕೊಂಡು ಮರುಗಳಿಗೆಯೇ ಅಂದರು: "ಪೂಜಾದ್ದು. ಅಕ್ಷರದ ಸಂದ್ಯಾಗ ಕುಂಕುಮ ಐತಿ." ದರ್ಜೆ ಹೇಳಲಿಲ್ಲ. ಎರಡೂ ಕೈಯಿಂದ ಹಿಂದಕ್ಕೆ ಕೊಟ್ಟರು.

ಒಂದೇ ನೋಟಕ್ಕೆ ಇಷ್ಟೆಲ್ಲ ಕಾಣುವುದು ಏನು ಮಾಯೆ? ಉತ್ತರ ಚದುರಂಗದ ಮಣೆಯ ಮೇಲಿದೆ. 1973ರಲ್ಲಿ ಚೇಸ್ ಮತ್ತು ಸೈಮನ್ ಎಂಬ ಸಂಶೋಧಕರು ಚದುರಂಗದ ನಡು ಆಟವೊಂದನ್ನು ಐದು ಸೆಕೆಂಡು ತೋರಿಸಿ ಮುಚ್ಚಿಟ್ಟರು. ನಿಪುಣ ಹದಿನಾರರಷ್ಟು ಕಾಯಿಗಳನ್ನು ಅವುಗಳ ಜಾಗದಲ್ಲೇ ಇಟ್ಟ, ಹೊಸಬ ನಾಲ್ಕನ್ನು. ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದಾಗ ನಿಪುಣನ ಮೇಲುಗೈ ಮಾಯ! ಅವನ ನೆನಪು ದೊಡ್ಡದಲ್ಲ, ಪರಿಚಯ ದೊಡ್ಡದು. ಬಿಡಿ ಕಾಯಿ ಅವನಿಗೆ ಕಾಣುವುದೇ ಇಲ್ಲ, ಗುಂಪು ಕಾಣುತ್ತದೆ. ನಾವು ಅಕ್ಷರ ಕೂಡಿಸದೆ ಪದ ಓದುತ್ತೇವಲ್ಲ, ಹಾಗೆ. ಸಾವಿರಾರು ರೂಪಾಯಿ ಕಂಡ ಕಾಕಾನಿಗೆ ಆನೆಯ ಬೆನ್ನು, ಬೆಳಕಿನ ಓಟ, ಬೆಳ್ಳಿಯ ಬಣ್ಣ ಮೂರೂ ಸೇರಿ ಒಂದೇ ಪದ.

ಕೊನೆಗೆ ಅವರು ಹೊರತೆಗೆದದ್ದು ಟಿಪ್ಪುವಿನ ತಾಮ್ರದ ಆನೆ ಕಾಸು. ಟಿಪ್ಪು ಟಂಕಸಾಲೆಯ ಹಲವು ಊರುಗಳಿಗೆ ಹೊಸ ಹೆಸರಿಟ್ಟಿದ್ದ. ನಮ್ಮ ಧಾರವಾಡ ಖುರ್ಷೀದ್ ಸವಾದ್ ಆಗಿತ್ತು. ಖುರ್ಷೀದ್ ಎಂದರೆ ಸೂರ್ಯ. 1791ರಲ್ಲಿ ಕೋಟೆ ಮರಾಠರ ಕೈಸೇರುವ ಮುನ್ನ ಇದೇ ನೆಲದಲ್ಲಿ ಆ ಹೆಸರಿನ ನಾಣ್ಯ ಅಚ್ಚಾಗುತ್ತಿತ್ತು! ಕಾಕಾನ ಕೈಯಲ್ಲಿದ್ದುದು ಬೇರೆ ಟಂಕಸಾಲೆಯದು, ಆನೆಯ ಹಿಂಗಾಲು ಕಾಣುತ್ತಲೇ ಇರಲಿಲ್ಲ. "ಸವೆದೈತ್ರಿ," ಅಂದೆ. "ಇಲ್ಲ. ಅಲ್ಲಿ ಮೂಡೇ ಇಲ್ಲ," ಅಂದರು. ಕೈಯಿಂದ ಬಡಿದ ನಾಣ್ಯ. ಪೆಟ್ಟು ಒಂದು ಕಡೆ ಗಟ್ಟಿ, ಒಂದು ಕಡೆ ಹಗುರ. ಸವೆದ ಜಾಗ ನುಣುಪಾಗುತ್ತದೆ, ಮೂಡದ ಜಾಗದಲ್ಲಿ ಬಿಲ್ಲೆಯ ಮೂಲ ಒರಟು ಹಾಗೇ ಇರುತ್ತದೆ. ಇನ್ನೂರಕ್ಕೂ ಹೆಚ್ಚು ವರ್ಷದ ಹಿಂದಿನ ಒಂದು ಸುತ್ತಿಗೆ ಏಟು ಯಾವ ಕಡೆ ವಾಲಿತ್ತು ಎಂಬುದನ್ನು ಅವರು ರಾಯಾಪುರದಲ್ಲಿ ಕೂತು ಹೇಳುತ್ತಿದ್ದರು.

ಹಿಂದೆ ಪೇಟೆಪೇಟೆಯಲ್ಲಿ ಚಿನಿವಾರರು ಇದೇ ಕಣ್ಣಿನಿಂದ ಹೊನ್ನು ವರಹ ಪರೀಕ್ಷಿಸುತ್ತಿದ್ದರು. ಅಂಥ ಕಣ್ಣು ಇನ್ನೂ ತೆರೆದಿರುವುದನ್ನು ಕಂಡೆನಲ್ಲ!

"ಹಿಡೀರಿ, ಅಂಚು ಅಷ್ಟ," ಎಂದು 1918ರ ರೂಪಾಯಿ ಕೊಟ್ಟರು. ಹಿಂಬದಿಯ ಕಮಲದ ಕೆಳಗೆ ಸಣ್ಣ ಚುಕ್ಕೆ, ಮುಂಬಯಿ ಟಂಕಸಾಲೆಯ ಗುರುತು. ಮೆಲ್ಲಗೆ ವಾಲಿಸಿದೆ. ಏನೂ ಆಗಲಿಲ್ಲ. "ಇನ್ನಷ್ಟ ಕೆಳಗ." ವಾಲಿಸಿದೆ. ದೊರೆಯ ಗಡ್ಡದ ಹತ್ತಿರ ಬೆಳಕು ಮೂಡಿತು, ಅಂಚಿಗೆ ಜಾರಿತು, ಕಿರೀಟ ಬಳಸಿಕೊಂಡು ಮೆಲ್ಲಗೆ ಗಾಲಿಯಂತೆ ತಿರುಗತೊಡಗಿತು.