ಕಾರೋತರ ಶಬ್ದವೂ ಧಾನ್ಯರಸವನ್ನು ಬಸಿಯುವ ಕ್ರಮವೂ

ಋಗ್ವೇದದ ಪ್ರಥಮ ಮಂಡಲದ 116ನೆಯ ಸೂಕ್ತದಲ್ಲಿ ಕಕ್ಷೀವಂತ ಋಷಿಯು ಅಶ್ವಿನೀದೇವತೆಗಳನ್ನು ಸ್ತುತಿಸುತ್ತ, ಅವರು ಬಲಿಷ್ಠವಾದ ಕುದುರೆಯ ಗೊರಸಿನಿಂದ, ಕಾರೋತರದಿಂದೆಂಬಂತೆ, ನೂರು ಕುಂಭಗಳಷ್ಟು ಸುರೆಯನ್ನು ಸುರಿಸಿದರೆಂದು ಹೇಳಿರುವನು. ಈ ಕಾರೋತರವೆಂದರೇನು? ಅಮರಕೋಶವನ್ನು ಕಂಠಸ್ಥ ಮಾಡಿದವರು ಅಲ್ಲಿಯ ಕಾರೋತ್ತರ ಶಬ್ದವನ್ನು ಸ್ಮರಿಸಿ, ಸುರಾಮಂಡ, ಎಂದರೆ ಸುರೆಯ ತಿಳಿ, ಎಂದು ಉತ್ತರ ಕೊಡುವರು. ನಾನೂ ಬಹುಕಾಲ ಹಾಗೆಯೇ ಪಾಠ ಹೇಳುತ್ತಿದ್ದೆನು. ಆದರೆ ಆ ಅರ್ಥವನ್ನು ಹಿಡಿದರೆ ಮಂತ್ರದ ಉಪಮೆಯೇ ನಿಲ್ಲುವುದಿಲ್ಲ. ತಿಳಿಯಿಂದ ಸುರೆಯು ಸುರಿಯಿತೆಂಬುದು ಅಸಂಗತವು. 14ನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿದ್ದ ಸಾಯಣಾಚಾರ್ಯರು ಇದನ್ನು ಸೀಳುಬಿದಿರಿನ, ತೊಗಲು ಸುತ್ತಿದ, ಸುರೆಯನ್ನು ಸೋಸತಕ್ಕ ಪಾತ್ರೆಯೆಂದು ವ್ಯಾಖ್ಯಾನಿಸಿರುವರು. ಉಪಮೆಗೆ ಇದು ಒಪ್ಪುತ್ತದೆ.

ಹೀಗಿರಲು ಒಂದು ಆಕ್ಷೇಪವೇಳುವುದು. ಸೋಸುವ ಪಾತ್ರೆಗೆ ರಂಧ್ರಗಳಿರಬೇಕಷ್ಟೆ. ತೊಗಲಾದರೋ ರಂಧ್ರಗಳನ್ನು ಮುಚ್ಚುವುದು. ಬಿದಿರನ್ನು ಹೆಣೆದು ಅದರ ಕಂಡಿಗಳನ್ನು ತಾವೇ ಮುಚ್ಚಿಕೊಂಡವರು ಯಾರು? ಇದಕ್ಕೆ ಸಮಾಧಾನವು ಕೋಶಗಳಲ್ಲಿ ದೊರೆಯದು. ಧಾನ್ಯದಿಂದ ರಸವು ಹೇಗೆ ಬಸಿಯುತ್ತದೆಂಬುದನ್ನು ನೋಡಬೇಕು.

ಸೌತ್ರಾಮಣಿಯ ಸುರೆಗೆ ಬೇಕಾದವು ಶಷ್ಪ, ತೋಕ್ಮ, ಲಾಜ, ನಗ್ನಹು ಎಂಬಿವು. ಶಷ್ಪವು ಮೊಳೆತ ಭತ್ತ, ತೋಕ್ಮವು ಮೊಳೆತ ಜವೆ, ಲಾಜವು ಅರಳು, ನಗ್ನಹುವು ಹುದುಗಿಸುವ ದ್ರವ್ಯ. ಮೂರು ರಾತ್ರಿ ಇಟ್ಟ ಬಳಿಕ ಇದನ್ನು ಸೋಸುವರು. ಈಗಿನ ಬಿಯರು ಮಾಡುವವರಾದರೋ ಹುದುಗುವ ಮೊದಲೇ ಸೋಸುವರು: ಮೊಳೆಯಿಸಿ ಒಣಗಿಸಿದ ಜವೆಯನ್ನು ಒಡೆದು, ಸುಮಾರು 65 ಡಿಗ್ರಿ ಸೆಂಟಿಗ್ರೇಡಿನ ಬಿಸಿನೀರಿನಲ್ಲಿ ಒಂದು ಗಂಟೆಯಷ್ಟು ಹೊತ್ತು ನೆನೆಸಿ, ಪಿಷ್ಟವು ಸಕ್ಕರೆಯಾದ ಮೇಲೆ ಸಿಹಿರಸವನ್ನು ಕೆಳಗಿನಿಂದ ಬಸಿಯುವರು. ಕಾಲವು ಬೇರೆಯಾದರೂ ತೊಡಕು ಒಂದೇ. ಎರಡರಲ್ಲಿಯೂ ದ್ರವವು ಹೊಟ್ಟು ಹಿಟ್ಟುಗಳ ನಡುವಿನಿಂದ ದಾರಿ ಮಾಡಿಕೊಂಡು ಇಳಿಯಬೇಕು.

ಇಲ್ಲಿ ನಿಜವಾಗಿ ಸೋಸುವುದು ಪಾತ್ರೆಯ ಜಾಲರಿಯಲ್ಲ, ಅದರ ಮೇಲೆ ನೆಲೆನಿಂತ ಹೊಟ್ಟಿನ ಹಾಸು. ಜಾಲರಿಯು ಹಾಸನ್ನು ಹೊರುವುದು ಮಾತ್ರ. ಫ್ರಾನ್ಸಿನ ಹೆನ್ರಿ ದಾರ್ಸಿ ಎಂಬ ಯಂತ್ರಜ್ಞನು 1856ರಲ್ಲಿ ಮರಳಿನ ಹಾಸಿನ ವಿಷಯದಲ್ಲಿ ನಿರೂಪಿಸಿದ ನಿಯಮವು ಇಲ್ಲಿಗೂ ಸಲ್ಲುತ್ತದೆ: ಹಾಸು ಅಗಲವಾದಷ್ಟೂ ಹರಿವು ಹೆಚ್ಚು, ದಪ್ಪವಾದಷ್ಟೂ ಕಡಿಮೆ. ಧಾನ್ಯವನ್ನು ನುಣ್ಣಗೆ ಬೀಸಿದರೆ ಸಂದುಗಳು ಹಿಟ್ಟಿನಿಂದ ತುಂಬಿ ಹರಿವು ನಿಲ್ಲುವುದು. ಕೆಳಗಿನ ಬಾಯನ್ನು ಒಮ್ಮೆಗೇ ತೆರೆದರೂ ಹಾಸು ಕುಸಿದು ಗಟ್ಟಿಯಾಗುವುದು. ಅವಸರಪಟ್ಟವನಿಗೆ ತಡವೇ ಫಲ. ಆದುದರಿಂದ ಹೊಟ್ಟು ಮುರಿಯದಂತೆ ದಪ್ಪವಾಗಿ ಒಡೆಯುವುದು, ಮೊದಲು ಬರುವ ಕದಡಿದ ರಸವನ್ನು ಮತ್ತೆ ಮೇಲೆ ಹೊಯ್ಯುವುದು, ಬಾಯನ್ನು ಮೆಲ್ಲಗೆ ತೆರೆಯುವುದು, ಕೊನೆಗೆ ಬಿಸಿಯನ್ನು 75 ಡಿಗ್ರಿಯ ಮೇಲಕ್ಕೇರಿಸಿ ರಸದ ಜಿಗುಟನ್ನು ಇಳಿಸುವುದು, ಇವು ಉಪಾಯಗಳು. ಗೋಧಿಯಂತಹ ಹೊಟ್ಟಿಲ್ಲದ ಧಾನ್ಯವು ಬೆರೆತಿದ್ದರೆ ಭತ್ತದ ಉಮಿಯನ್ನು ಕೂಡಿಸುವರು.

ಉಚ್ಚಿಲದ ನಮ್ಮ ಮನೆಯಲ್ಲಿ ಇದನ್ನು ಪರೀಕ್ಷಿಸಿದೆನು. (ಹುದುಗಿಸಲಿಲ್ಲ, ಅದಕ್ಕೆ 1965ರ ಅಬಕಾರಿ ಶಾಸನವೂ ಅಡ್ಡಿ, ನನ್ನ ಆಚಾರವೂ ಅಡ್ಡಿ.) ಮೊಳೆತ ಜವೆಯನ್ನು ನುಣ್ಣಗೆ ಬೀಸಿ ಬಿಸಿನೀರಿನಲ್ಲಿ ನೆನೆಸಿ ಬಟ್ಟೆಯಲ್ಲಿ ಸೋಸಿದಾಗ, ಅರ್ಧ ಗಳಿಗೆಯೊಳಗೆ ಅಂಟಿನ ಪೊರೆ ಕಟ್ಟಿ ತೊಟ್ಟಿಕ್ಕುವುದೂ ನಿಂತಿತು. ಬಳಿಕ ಕುಡುಪನ್ನು ತೆಗೆದುಕೊಂಡೆನು. ಕಾಡುಬಳ್ಳಿಯಿಂದ ಹೆಣೆದ ಈ ಬುಟ್ಟಿಯಲ್ಲಿ ತುಳುನಾಡಿನವರು ಕುಚ್ಚಲಕ್ಕಿಯ ಅನ್ನವನ್ನು ಬಸಿಯುವುದುಂಟು. ದಪ್ಪಗೆ ಒಡೆದ ಧಾನ್ಯವನ್ನು ಅದರಲ್ಲಿ ಹೊಯ್ದಾಗ ರಸವೇನೋ ಬೇಗನೆ ಹರಿಯಿತು. ಆದರೆ ಪಕ್ಕಗಳ ಕಂಡಿಗಳಿಂದ ಕದಡಿಯೇ ಹೊರಬಿದ್ದು, ನಡುವಿನ ರಾಶಿಯಲ್ಲಿ ಸಿಹಿಯು ಹಾಗೆಯೇ ಉಳಿಯಿತು. ಮೂರನೆಯ ಸಲ ಪಕ್ಕಗಳಿಗೆ ನೆನೆಸಿದ ಅಡಕೆಹಾಳೆಯನ್ನು ಬಿಗಿದು, ತಳವನ್ನು ಮಾತ್ರ ತೆರೆದಿಟ್ಟು, ಅದರ ಮೇಲೆ ತೊಳೆದ ಉಮಿಯನ್ನು ಎರಡು ಬೆರಳು ಹಾಸಿದೆನು. ಮೊದಲ ಎರಡು ಚೊಂಬಿನಷ್ಟನ್ನು ತಿರುಗಿ ಮೇಲೆ ಹೊಯ್ದ ತರುವಾಯ ಬಂದ ರಸವು ಎಳ್ಳೆಣ್ಣೆಯಂತೆ ತಿಳಿಯಾಗಿ, ಧಾರೆ ಕಡಿಯದೆ ಇಳಿಯಿತು. ಚರಟವನ್ನು ಹಸುವು ತಿಂದಿತು.

ಆಗ ತೊಗಲಿನ ಪ್ರಯೋಜನವು ಹೊಳೆಯಿತು. ಪಕ್ಕಗಳನ್ನು ಮುಚ್ಚಿದರೆ ದ್ರವವು ಅಡ್ಡಹಾದಿ ಹಿಡಿಯದೆ ಹಾಸಿನ ಆಳವನ್ನೆಲ್ಲ ದಾಟಿ ತಳಕ್ಕಿಳಿಯಲೇಬೇಕು. ತೊಗಲು ಸುತ್ತಿದ್ದು ಪಕ್ಕಗಳಿಗೆಂದೂ ತಳವು ಬರಿಯ ಬಿದಿರೆಂದೂ ಭಾಷ್ಯಕಾರರು ಬಿಡಿಸಿ ಹೇಳಿಲ್ಲ. ಇದು ನನ್ನ ಊಹೆ. ಆದರೆ ಗೊರಸಿನ ಉಪಮೆಯು ಇದಕ್ಕೆ ಬೆಂಬಲವಾಗಿದೆ. ಗೊರಸೂ ಸುತ್ತ ಗಟ್ಟಿಯಾದ ಗೋಡೆಯುಳ್ಳದ್ದು, ತಳದಲ್ಲಿ ಮೃದು. ಅದರಿಂದ ಸುರಿಯುವುದಾದರೆ ಕೆಳಮುಖವಾಗಿಯೇ ಸುರಿಯಬೇಕು.

ಇನ್ನು ಅಮರನ ಅರ್ಥವು ತಪ್ಪೆಂದು ನಾನು ಹೇಳುವುದಿಲ್ಲ. ಮಂಚಗಳು ಕೂಗುತ್ತವೆಂದಾಗ ಮಂಚದ ಮೇಲಿನವರನ್ನು ಲಕ್ಷಣೆಯಿಂದ ಗ್ರಹಿಸುವಂತೆ, ಸೋಸುವ ಪಾತ್ರೆಯ ಹೆಸರು ಸೋಸಿದ ತಿಳಿಗೆ ಬಂದಿರಬಹುದು. ಆದರೆ ಮಂಡವೆಂಬುದು ಗಂಜಿಯ ಮೇಲೆ ನಿಲ್ಲುವ ತಿಳಿ. ಕಾರೋತರದ್ದು ಕೆಳಗಿಳಿಯುವ ತಿಳಿ. ವೇದಪಾಠದಲ್ಲಿ ಈ ಮಂತ್ರವು ಬಂದಾಗ ವಿದ್ಯಾರ್ಥಿಗೆ ಮೊದಲು ಕುಡುಪನ್ನು ತೋರಿಸಿ, ಅನಂತರ ಕೋಶವನ್ನು ತೆರೆಯಿಸುವುದು ಯುಕ್ತವೆಂದು ತೋರುತ್ತದೆ.