ಚೆನ್ನಾಗೇ ಇರೋ ಸೇತುವೆ ಯಾಕೆ ಬಂದ್?

ಹಿರಿಯೂರಿಂದ ಚಿತ್ರದುರ್ಗಕ್ಕೆ ಹೆದ್ದಾರಿ 48ರಲ್ಲಿ ಹೊರಟಿದ್ದೀರಿ. ಎದುರಿಗೆ ಬ್ಯಾರಿಕೇಡ್, ‘ಬದಲಿ ಮಾರ್ಗ’ ಅಂತ ಬೋರ್ಡು. ಸೇತುವೆ ನೋಡಿದ್ರೆ ಚೆನ್ನಾಗೇ ಇದೆ. ಮತ್ಯಾಕೆ ಬಂದ್?

ಕೆಲಸ ಇರೋದು ಕಣ್ಣಿಗೆ ಬೀಳದ ಕಡೆ. ಸೇತುವೆಯ ಸ್ಲ್ಯಾಬ್‌ಗಳ ನಡುವೆ ಸಣ್ಣ ಸಂದು ಬಿಟ್ಟಿರ್ತಾರೆ. ನಮ್ಮ ಬಯಲುಸೀಮೆ ಬಿಸಿಲಿಗೆ ಕಾಂಕ್ರೀಟು ಹಿಗ್ಗುತ್ತೆ, ರಾತ್ರಿ ತಂಪಿಗೆ ಕುಗ್ಗುತ್ತೆ. ಅದಕ್ಕೆ ಜಾಗ ಕೊಡೋದೇ ಈ ಎಕ್ಸ್‌ಪ್ಯಾನ್ಶನ್ ಜಾಯಿಂಟ್. ಅದರ ರಬ್ಬರ್ ಹರಿದರೆ ಮಳೆನೀರು ಕೆಳಗಿಳಿದು, ಕಂಬದ ಮೇಲೆ ಸ್ಲ್ಯಾಬನ್ನ ಹೊತ್ತಿರೋ ಬೇರಿಂಗ್‌ಗಳನ್ನ ಹಾಳು ಮಾಡುತ್ತೆ. ಬೇರಿಂಗ್ ಬದಲಿಸಬೇಕಂದ್ರೆ ಸ್ಲ್ಯಾಬನ್ನೇ ಜಾಕ್ ಕೊಟ್ಟು ಎತ್ತಬೇಕು. ಆ ಹೊತ್ತಲ್ಲಿ ಮೇಲೆ ಲೋಡ್ ಲಾರಿ ಬಿಡೋಕಾಗುತ್ತಾ? ಹೊಸ ಕಾಂಕ್ರೀಟ್ ಹಾಕಿದ್ರೆ ಅದು ಗಟ್ಟಿಯಾಗೋವರೆಗೂ ಕಾಯಲೇಬೇಕು.

ಗುತ್ತಿಗೆದಾರರು ತಮ್ಮಷ್ಟಕ್ಕೆ ರಸ್ತೆ ಮುಚ್ಚೋ ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಪ್ರಕಾರ ಆದೇಶ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಅದನ್ನ ಜಿಲ್ಲಾಧಿಕಾರಿ ಹೊರಡಿಸ್ತಾರೆ. ನಿರ್ಬಂಧ ಒಂದು ತಿಂಗಳೊಳಗಿದ್ರೆ ಗೆಜೆಟ್ ಪ್ರಕಟಣೆ ಬೇಡ, ಆದ್ರೆ ಸ್ಥಳೀಯ ಪ್ರಚಾರ ಕೊಡಲೇಬೇಕು ಅನ್ನುತ್ತೆ ಕಾಯ್ದೆ.

ನನ್ನ ತಕರಾರು ಇರೋದು ಇಲ್ಲೇ. ಬ್ಯಾರಿಕೇಡ್ ಪಕ್ಕ ಬೋರ್ಡು ನಿಲ್ಲಿಸಿದ್ರೆ ಅದು ಪ್ರಚಾರ ಆಗಲ್ಲ. ಹೊಳಲ್ಕೆರೆಯಿಂದ ಅಡಿಕೆ, ಹೊಸದುರ್ಗದಿಂದ ತೆಂಗಿನಕಾಯಿ ತುಂಬಿ ಬರೋ ಲಾರಿಯವರಿಗೆ ಹಿಂದಿನ ಕ್ರಾಸ್‌ನಲ್ಲೇ ಗೊತ್ತಾಗಬೇಕು. ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಓಡೋ ಆಂಬುಲೆನ್ಸ್‌ಗೆ ಹೊರಡೋ ಮೊದಲೇ ಗೊತ್ತಿರಬೇಕು. ಅಲ್ಲಿ ಹತ್ತು ನಿಮಿಷ ಅಂದ್ರೆ ಒಂದು ಜೀವ.

ರಾಷ್ಟ್ರೀಯ ಹೆದ್ದಾರಿಯಲ್ಲಿ ಮುನ್ಸೂಚನೆಯೇ ಇಲ್ಲದೆ ದಾರಿ ಮುಚ್ಚಿದ್ರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ, ಜಾಗ ಹೇಳಿ.