‘ಅನ್‌ಇವೆಂಟ್‌ಫುಲ್’ ಅಂದ್ರೇನು ಸಾರ್?

ಪೀಣ್ಯ ಎರಡನೇ ಹಂತದಲ್ಲಿ ಒಂದು ಮನೆಯ ಮಹಡಿ ಮೇಲೆ ಭಾನುವಾರ ಬೆಳಿಗ್ಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರು ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು, ಸಿಎನ್‌ಸಿ ಆಪರೇಟರುಗಳು, ನೈಟ್ ಡ್ಯೂಟಿ ಮುಗಿಸಿ ಆಕಳಿಸುತ್ತಲೇ ಕೂರುವ ಒಬ್ಬರು ಸೆಕ್ಯೂರಿಟಿ. ಒಂದು ವಾರ ‘ಅನ್’ ಪಾಠ ಮಾಡಿದ್ದೆ. ಪದದ ಮುಂದೆ ‘ಅನ್’ ಬಂದು ಕೂತರೆ ಅರ್ಥ ತಿರುಗಿಬೀಳುತ್ತದೆ. ಹ್ಯಾಪಿ ಅನ್‌ಹ್ಯಾಪಿ, ಲಕ್ಕಿ ಅನ್‌ಲಕ್ಕಿ, ಫಿಟ್ ಅನ್‌ಫಿಟ್. ನಾನು ಕೊಟ್ಟ ಉದಾಹರಣೆಗಳೆಲ್ಲ ಒಳ್ಳೆಯದರಿಂದ ಕೆಟ್ಟದ್ದಕ್ಕೆ ಜಾರುವಂಥವೇ. ಅದರ ಫಲ ಮುಂದಿನ ಭಾನುವಾರವೇ ಸಿಕ್ಕಿತು.

ತುರುವೇಕೆರೆ ಕಡೆಯ ಒಬ್ಬ ಹೆಣ್ಣುಮಗಳು ಕ್ಲಾಸಿಗೆ ಅರ್ಧ ಗಂಟೆ ಮುಂಚೆಯೇ ಬಂದು ಕೂತಿದ್ದರು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದರು. ಗಂಡನ ಡಿಸ್ಚಾರ್ಜ್ ಸಮ್ಮರಿ. ಕುತ್ತಿಗೆಯಲ್ಲಿ ಗಡ್ಡೆ, ಥೈರಾಯ್ಡ್ ಆಪರೇಷನ್. ಕೊನೆಯಿಂದ ಮೂರನೇ ಸಾಲಿನ ಒಂದು ಪದದ ಕೆಳಗೆ ಬಾಲ್‌ಪೆನ್ನಿನ ಎರಡು ಗೆರೆ. ಎರಡನೆಯದು ಕಾಗದವನ್ನೇ ಕೊಯ್ದಿತ್ತು. ‘ಪೋಸ್ಟ್ ಆಪರೇಟಿವ್ ಪೀರಿಯಡ್ ವಾಸ್ ಅನ್‌ಇವೆಂಟ್‌ಫುಲ್.’

“ಸಾರ್, ಇಲ್ಲಿ ‘ಅನ್’ ಐತೆ. ನೀವೇ ಹೇಳಿದ್ರಲ್ಲ. ಡಾಕ್ಟ್ರು ನಮ್ಮತ್ರ ಏನೋ ಮುಚ್ಚಿಡ್ತಾವ್ರೆ.”

ಆಪರೇಷನ್ ಆದಮೇಲೆ ರಕ್ತ ಸೋರಲಿಲ್ಲ, ಜ್ವರ ಬರಲಿಲ್ಲ, ಹೊಲಿಗೆ ಕೀವು ಕಟ್ಟಲಿಲ್ಲ, ಬರೆದಿಡುವಂಥದ್ದು ಏನೂ ನಡೆಯಲಿಲ್ಲ ಎಂದು ಅದರ ಅರ್ಥ. ಒಬ್ಬ ಸರ್ಜನ್ ಬರೆಯಬಹುದಾದ ಅತ್ಯಂತ ಸಂತೋಷದ ಪದ ಅದೇ. ಆಕೆ ಮೂರು ರಾತ್ರಿ ನಿದ್ದೆಗೆಟ್ಟಿದ್ದರು. ತಪ್ಪು ನನ್ನ ಪಾಠದ್ದು.

ಕವರಿನಲ್ಲಿ ಇನ್ನೊಂದು ಹಾಳೆಯಿತ್ತು, ಬಯಾಪ್ಸಿ ರಿಪೋರ್ಟು. ‘ನೋ ಎವಿಡೆನ್ಸ್ ಆಫ್ ಮ್ಯಾಲಿಗ್ನನ್ಸಿ’ ಎಂಬ ಸಾಲಿನಲ್ಲಿ ಕೊನೆಯ ಪದವೊಂದನ್ನೇ ಫೋನಿಗೆ ಹಾಕಿ ನೋಡಿದ್ದರಂತೆ. ಮೊದಲ ‘ನೋ’ ಗೊತ್ತಿದ್ದ ಪದ, ಅದಕ್ಕೇ ಅದರ ಮೇಲೆ ಕಣ್ಣು ನಿಂತಿರಲಿಲ್ಲ.

ಆಶಾವಾದದ ಇಂಗ್ಲಿಷ್ ಕಲಿಸುವ ಪುಸ್ತಕಗಳು ನನ್ನಲ್ಲೂ ಇವೆ. ಹೋಪ್, ಕರೇಜ್, ಓವರ್‌ಕಮ್, ನೆವರ್ ಗಿವ್ ಅಪ್: ಎಲ್ಲ ಎದೆಯುಬ್ಬಿಸಿ ನಿಂತ ಪದಗಳು. ಆಸ್ಪತ್ರೆಯ ಕಾಗದದಲ್ಲಿ ಇವೊಂದೂ ಸಿಗುವುದಿಲ್ಲ. ಅಲ್ಲಿ ಒಳ್ಳೆಯ ಸುದ್ದಿ ‘ಇಲ್ಲ’ದ ವೇಷದಲ್ಲೇ ಬರುತ್ತದೆ. ಸ್ಕ್ಯಾನ್‌ನಲ್ಲಿ ಲಿವರ್ ‘ಅನ್‌ರಿಮಾರ್ಕಬಲ್’ ಎಂದರೆ ಹೇಳಿಕೊಳ್ಳುವಂಥ ದೋಷ ಏನೂ ಕಾಣಲಿಲ್ಲ ಎಂದು. ‘ಎನ್‌ಎಡಿ’ ಎಂಬ ಮೂರಕ್ಷರ ಕಂಡರೆ ಅಸಹಜವಾದದ್ದು ಏನೂ ಸಿಗಲಿಲ್ಲ ಎಂದು. ‘ಎಫೆಬ್ರೈಲ್’ ಅಂದರೆ ಜ್ವರ ಇಲ್ಲ, ಅಷ್ಟೇ. ಚೀಟಿಯಲ್ಲಿ ಮಾತ್ರೆಯ ಪಕ್ಕ ‘ಎಸ್‌ಒಎಸ್’ ಎಂದಿದ್ದರೆ ಗಾಬರಿ ಬೇಡ. ಮುಳುಗುವ ಹಡಗಿನ ಕೂಗು ಅದಲ್ಲ; ಬೇಕೆನಿಸಿದರೆ ಮಾತ್ರ ನುಂಗಿ ಎನ್ನುವ ಲ್ಯಾಟಿನ್ ಮಾತಿನ ಮೊದಲಕ್ಷರಗಳು.

‘ನೆಗೆಟಿವ್’ ಎಂಬ ಪದವನ್ನು ಮಾತ್ರ ನಾವು ಯಾರ ಪಾಠವೂ ಇಲ್ಲದೆ ಕಲಿತುಬಿಟ್ಟೆವು. 2020ರ ಮಾರ್ಚ್‌ವರೆಗೆ ವೈಟ್‌ಫೀಲ್ಡ್‌ನ ಆಫೀಸುಗಳಲ್ಲಿ ‘ಬೀ ಪಾಸಿಟಿವ್’ ಎನ್ನುವುದು ಟ್ರೈನಿಂಗ್‌ನವರ ತಾರಕಮಂತ್ರ. ಕೊರೊನಾ ಬಂದದ್ದೇ, ಪಾಸಿಟಿವ್ ಎಂದರೆ ಆಂಬುಲೆನ್ಸು, ಬಾಗಿಲಿಗೆ ಅಂಟಿಸಿದ ನೋಟಿಸು. ನೆಗೆಟಿವ್ ಬಂತು ಎಂದು ಜನ ಸ್ಟೇಟಸ್ ಹಾಕಿ ಸಂಭ್ರಮಿಸಿದರು. 2025ರ ಹೊಸ ವರ್ಷದ ದಿನ ಇಡೀ ಕರ್ನಾಟಕ ಅದೇ ಪದಕ್ಕೆ ನಿಟ್ಟುಸಿರು ಬಿಟ್ಟಿತು. ಶಿವರಾಜ್‌ಕುಮಾರ್ ಅವರಿಗೆ ಹಿಂದಿನ ಡಿಸೆಂಬರ್ 24ರಂದು ಅಮೆರಿಕದ ಮಯಾಮಿಯಲ್ಲಿ ಮೂತ್ರಕೋಶದ ಕ್ಯಾನ್ಸರ್ ಆಪರೇಷನ್ ಆಗಿತ್ತು. ಮೂತ್ರಕೋಶವನ್ನೇ ತೆಗೆದು, ಅವರದೇ ಕರುಳಿನಿಂದ ಹೊಸದೊಂದನ್ನು ಮಾಡಿ ಕೂರಿಸಿದ್ದರು. ಪತ್ನಿ ಗೀತಾ ಅವರೊಂದಿಗೆ ವಿಡಿಯೋದಲ್ಲಿ ಕಾಣಿಸಿಕೊಂಡು ರಿಪೋರ್ಟುಗಳು ನೆಗೆಟಿವ್ ಎಂದು ತಿಳಿಸಿದಾಗ ಯಾವ ಅಭಿಮಾನಿಗೂ ಅರ್ಥ ವಿವರಿಸಬೇಕಾಗಲಿಲ್ಲ.

‘ಸ್ಟೇಬಲ್’ ಹಾಗಲ್ಲ, ಅದು ಮೋಸದ ಪದ. ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯ ಸುತ್ತ ಓಡಾಡಿದರೆ ಬಂಗಾಳಿ ಬೋರ್ಡುಗಳು, ಮೀನೂಟದ ಹೋಟೆಲುಗಳು ಕಾಣುತ್ತವೆ. ಹೃದಯ ತೋರಿಸಿಕೊಳ್ಳಲು ಅಷ್ಟು ದೂರದಿಂದ ಜನ ಬರುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯ ಈ ಆಸುಪಾಸಿನ ಆಸ್ಪತ್ರೆಗಳಲ್ಲಿ ನರ್ಸು ಕೇರಳದವರು, ಪಕ್ಕದ ಬೆಡ್ಡಿನವರು ಕೋಲ್ಕತ್ತದವರು, ನಮ್ಮವರು ಆನೇಕಲ್ಲಿನವರು. ಎಲ್ಲರಿಗೂ ಸಲ್ಲುವ ನಾಣ್ಯ ಎಂದರೆ ಹತ್ತಿಪ್ಪತ್ತು ಇಂಗ್ಲಿಷ್ ಪದಗಳು. ಐಸಿಯು ಬಾಗಿಲಲ್ಲಿ ‘ಸ್ಟೇಬಲ್’ ಎಂದರೆ ಸುಧಾರಿಸಿದ್ದಾರೆ ಅಂತಲ್ಲ, ನಿನ್ನೆಗಿಂತ ಕೆಟ್ಟಿಲ್ಲ ಅಂತ. ಕ್ರಿಟಿಕಲ್ ಆಗಿದ್ದೂ ಸ್ಟೇಬಲ್ ಆಗಿರಬಹುದು. ‘ಇಂಪ್ರೂವಿಂಗ್’ ಎಂಬ ಮಾತು ಬಂದಾಗಲೇ ಮನೆಗೆ ಫೋನ್ ಮಾಡಿ ಎನ್ನುತ್ತೇನೆ ನನ್ನ ಕ್ಲಾಸಿನವರಿಗೆ. ಕಂಪನಿ ಇನ್ಶೂರೆನ್ಸ್ ಇರುವ ಐಟಿಯವರ ಪಾಲಿಗೆ ಇದಕ್ಕಿಂತ ಮುಂಚೆಯೇ ಕೇಳಬೇಕಾದ ಪದ ಇನ್ನೊಂದಿದೆ, ‘ಅಪ್ರೂವ್ಡ್’.

ಪೀಣ್ಯದಲ್ಲಿ ಆ ಜಾಗ ಇಎಸ್‌ಐ ಚೀಟಿಯದು. 2017ರಲ್ಲಿ ಸಂಬಳದ ಮಿತಿ 15,000ದಿಂದ 21,000 ರೂಪಾಯಿಗೆ ಏರಿದಾಗ ಇಲ್ಲಿನ ಎಷ್ಟೋ ಶೆಡ್ಡುಗಳ ಕೆಲಸಗಾರರು ಅದರೊಳಗೆ ಬಂದರು. ಕಾಯಿಲೆ ಬಿದ್ದವರಿಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತದೆ, ಸರ್ಟಿಫಿಕೇಟ್ ಸರಿಯಿದ್ದರೆ. ಅದು ಮೂರು ಹಂತ: ಫಸ್ಟ್, ಇಂಟರ್ಮೀಡಿಯೆಟ್, ಫೈನಲ್. ‘ಫೈನಲ್’ ಎಂದೊಡನೆ ಎದೆ ಧಸಕ್ಕೆನ್ನುವವರಿದ್ದಾರೆ, ಇನ್ನೇನು ಮುಗಿಯಿತು ಎಂದು. ಹೌದು, ಮುಗಿದದ್ದು ರಜೆ. ನಾಳೆಯಿಂದ ಮಷೀನಿಗೆ ನಿಲ್ಲಬಹುದು ಎನ್ನುವ ಕಾಗದ ಅದು.

ಪೋಸ್ಟರಿನ ಪದಗಳ ಮೇಲೆ ನನಗೆ ಅಷ್ಟು ಪ್ರೀತಿಯಿಲ್ಲ. ‘ಆಪ್ಟಿಮಿಸಂ’ ಎಂಬ ಪದವೇ ಲ್ಯಾಟಿನ್ನಿನ ‘ಅತ್ಯುತ್ತಮ’ದಿಂದ ಹುಟ್ಟಿ, ಇರುವುದರಲ್ಲಿ ಈ ಜಗತ್ತೇ ಅತ್ಯುತ್ತಮ ಎಂಬ ವಾದಕ್ಕೆ ಹೆಸರಾಗಿ ಬಂತು; 1759ರಲ್ಲಿ ವೋಲ್ಟೇರ್ ‘ಕ್ಯಾಂಡೀಡ್’ ಬರೆದು ಅದನ್ನು ಸಾಕಷ್ಟು ಗೇಲಿ ಮಾಡಿದ. ಈಗ ಟೆಕ್ ಪಾರ್ಕುಗಳಲ್ಲಿ ‘ರೆಸಿಲಿಯನ್ಸ್’ ಕಾಲ. ಬಿದ್ದರೂ ಪುಟಿದೇಳಿ ಎಂಬ ಉಪದೇಶ. ಒಮ್ಮೆ ಈ ಪದವನ್ನು ಬೋರ್ಡಿನ ಮೇಲೆ ಬರೆದಾಗ ಸ್ಪ್ರಿಂಗ್ ತಯಾರಿಸುವ ಶೆಡ್ಡಿನ ಹುಡುಗ ನಕ್ಕ. ಎಂಜಿನಿಯರಿಂಗ್‌ನಲ್ಲಿ ಅದು ಅಳತೆಗೆ ಸಿಗುವ ಸಂಗತಿ: ಒತ್ತಿದಾಗ ಹೀರಿಕೊಂಡ ಶಕ್ತಿಯನ್ನು ಬಿಟ್ಟಾಗ ಮರಳಿ ಕೊಡುವುದು, ಅದೂ ಒಂದು ಮಿತಿಯವರೆಗೆ. “ಜಾಸ್ತಿ ಎಳದ್ರೆ ಸೆಟ್ ಆಗ್ಬಿಡುತ್ತೆ ಸಾರ್. ಆಮೇಲೆ ವಾಪಸ್ ಬರಲ್ಲ, ಸ್ಕ್ರಾಪು” ಅಂದ. ‘ಫಟೀಗ್’ ಪದವೂ ಅವನಿಗೆ ಗೊತ್ತಿತ್ತು. ಕೀಮೋ ಮುಗಿಸಿದವರ ಫೈಲಿನಲ್ಲಿ ಅದೇ ಪದ ಇರುತ್ತದೆ, ಸುಸ್ತು ಎನ್ನುವ ಅರ್ಥಕ್ಕೆ. ಅವನು ಕಂಡದ್ದು ಸಾವಿರಾರು ಸಲ ಬಾಗಿ ಬಾಗಿ ಬಿರುಕು ಬಿಟ್ಟ ಕಬ್ಬಿಣದಲ್ಲಿ.

ಕನ್ನಡದಲ್ಲಿ ಕಾಯಿಲೆ ‘ಗುಣ’ವಾಗುತ್ತದೆ, ಒಳ್ಳೆಯತನಕ್ಕೂ ವಾಸಿಯಾಗುವುದಕ್ಕೂ ಒಂದೇ ಮಾತು, ಡಾಕ್ಟರ ಕೈಗೂ ಒಂದು ಗುಣ. ‘ಹುಷಾರು’ ಫಾರ್ಸಿಯಿಂದ ಬಂದದ್ದು, ಎಚ್ಚರ ಎಂಬುದು ಮೂಲಾರ್ಥ. ನಮ್ಮಲ್ಲಿ ‘ಹುಷಾರಿಲ್ಲ’ ಅಂದರೆ ಮೈ ನೆಟ್ಟಗಿಲ್ಲ. ಧಾರವಾಡದ ಕಡೆಯವರು ‘ಆರಾಮ ಇಲ್ರಿ’ ಎನ್ನುತ್ತಾರೆ. ಈ ‘ಇಲ್ಲ’ಗಳೆಲ್ಲ ಕೆಟ್ಟ ಸುದ್ದಿ ತರುವಂಥವು. ಆಸ್ಪತ್ರೆ ಇಂಗ್ಲಿಷಿನ ‘ಇಲ್ಲ’ ಅದರ ತಲೆಕೆಳಗು, ಅದಕ್ಕೇ ನಮ್ಮವರು ಎಡವುವುದು ಅಲ್ಲೇ. ಈಗ ನಾನು ‘ಅನ್’ ಪಾಠವನ್ನು ‘ಅನ್‌ಹ್ಯಾಪಿ’ಯಿಂದ ಶುರು ಮಾಡುವುದಿಲ್ಲ. ‘ಅನ್‌ಹರ್ಟ್’, ‘ಅನ್‌ಬ್ರೋಕನ್’ ಮೊದಲು.

ಮೂರು ವಾರ ಕಳೆದ ಮೇಲೆ, ಹೊಸ ಪದಗಳನ್ನು ವಾಕ್ಯದಲ್ಲಿ ಬಳಸಿ ತನ್ನಿ ಎಂದು ಹೋಮ್‌ವರ್ಕ್ ಕೊಟ್ಟಿದ್ದೆ. ತುರುವೇಕೆರೆಯ ಆ ಹೆಣ್ಣುಮಗಳು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: ‘ಮೈ ಹಸ್ಬೆಂಡ್ ಈಸ್ ಅನ್‌ಇವೆಂಟ್‌ಫುಲ್.’ ಇದನ್ನು ದಿನಗಳಿಗೆ ಹೇಳ್ತಾರಮ್ಮ, ಮನುಷ್ಯರಿಗೆ ಹೇಳಲ್ಲ ಎಂದೆ.

“ಅವ್ರೂ ಹಂಗೇ ಅವ್ರೆ ಸಾರ್” ಅಂದರು. “ಉಣ್ತಾರೆ, ಮಲಗ್ತಾರೆ, ರಿಮೋಟಿಗೆ ಮಗನ ಜೊತೆ ಜಗಳ ಆಡ್ತಾರೆ. ಸೋಮವಾರದಿಂದ ಫಸ್ಟ್ ಶಿಫ್ಟು.”